ಅಂಕಪಟ್ಟಿಯೇ ಅಡಿಪಾಯ: ವರ್ಲ್ಡ್ ಆಫ್ ಔಟ್‌ಲಾಸ್ ನಡೆದು ಬಂದ ದಾರಿ

ಸಂಸ್ಥೆಯೊಂದರ ಚರಿತ್ರೆಯನ್ನು ಶಂಕುಸ್ಥಾಪನೆಯ ಕಲ್ಲಿನಿಂದ ಆರಂಭಿಸುವುದು ರೂಢಿ. ಅಮೆರಿಕದ ಮಣ್ಣಿನ ಹಾದಿಗಳಲ್ಲಿ ನಡೆಯುವ ಸ್ಪ್ರಿಂಟ್ ಕಾರ್ ರೇಸಿಂಗ್‌ನ ಪ್ರಮುಖ ಸರಣಿಯಾದ ವರ್ಲ್ಡ್ ಆಫ್ ಔಟ್‌ಲಾಸ್‌ಗೆ ಅಂಥ ಕಲ್ಲು ಇಲ್ಲ. 1978ರಲ್ಲಿ ಅದು ಹುಟ್ಟಿದಾಗ ಅದಕ್ಕೆ ಸ್ವಂತ ಟ್ರ್ಯಾಕ್ ಇರಲಿಲ್ಲ, ಕಾರುಗಳಿರಲಿಲ್ಲ, ಸಂಬಳ ಕೊಟ್ಟು ಇಟ್ಟುಕೊಂಡ ಚಾಲಕರೂ ಇರಲಿಲ್ಲ. ಇದ್ದದ್ದು ಒಂದು ವೇಳಾಪಟ್ಟಿ, ಒಂದು ಅಂಕಪಟ್ಟಿ. ಊರೂರು ಅಲೆದು ರೇಸ್ ಓಡಿಸುತ್ತಿದ್ದ ಒಂದಷ್ಟು ಜನರ ಗೆಲುವು ಸೋಲುಗಳನ್ನು ಒಂದೇ ಕಡೆ ಬರೆದಿಟ್ಟು, ವರ್ಷದ ಕೊನೆಗೆ ಕೂಡಿ ನೋಡಿದ್ದೇ ಈ ಸಂಸ್ಥೆಯ ಆರಂಭ.

1978ರಿಂದ ಎಣಿಸಿದರೆ 2027ರದು ಐವತ್ತನೇ ಋತು. ಈ ಘಟ್ಟದ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡಿದಾಗ ಚಾಂಪಿಯನ್ನರ ಹೆಸರು, ಬಹುಮಾನದ ಮೊತ್ತ, ಟ್ರ್ಯಾಕ್‌ಗಳ ಪಟ್ಟಿ ಎಲ್ಲವೂ ನೆನಪಿಗೆ ಬರುತ್ತವೆ. ಆದರೆ ಇವೆಲ್ಲವನ್ನೂ ಹಿಡಿದಿಟ್ಟಿರುವ ದಾರ ಅಂಕಪಟ್ಟಿಯೇ. ಒಂದು ರಾತ್ರಿಯ ವೇಗಕ್ಕಿಂತ ಒಂದು ವರ್ಷದ ನಿಷ್ಠೆ ದೊಡ್ಡದು ಎಂದು ಆ ಪಟ್ಟಿ ಹೇಳಿತು. ಆ ಮಾತನ್ನು ಉಳಿಸಿಕೊಂಡು ಬಂದದ್ದು ಈ ಸಂಸ್ಥೆಯ ಸಾಧನೆ.

ಹಿನ್ನೆಲೆ: 1977ರವರೆಗೆ

ಅಮೆರಿಕದ ಮಧ್ಯಭಾಗದ ಜಿಲ್ಲೆ ಜಿಲ್ಲೆಗಳಲ್ಲೂ ವರ್ಷಕ್ಕೊಮ್ಮೆ ಕೃಷಿ ಮೇಳ ನಡೆಯುತ್ತದೆ. ಮೇಳದ ಮೈದಾನಗಳಲ್ಲಿ ಕುದುರೆ ಓಟಕ್ಕೆಂದು ಮಾಡಿದ್ದ ಅಂಡಾಕಾರದ ಮಣ್ಣಿನ ಹಾದಿಗಳಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾರುಗಳು ಆ ಹಾದಿಗೆ ಇಳಿದವು. 1915ರಲ್ಲಿ ಹುಟ್ಟಿದ ಐಎಂಸಿಎ ಎಂಬ ಸಂಘಟನೆ ಮೇಳದಿಂದ ಮೇಳಕ್ಕೆ ರೇಸ್‌ಗಳನ್ನು ಕೊಂಡೊಯ್ದಿತು. ಇಂಡಿಯಾನಾಪೊಲಿಸ್ 500ರಂಥ ದೊಡ್ಡ ಸ್ಪರ್ಧೆಗಳ ಮೇಲ್ವಿಚಾರಣೆ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಕೈಯಲ್ಲಿತ್ತು. 1955ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಬಿಲ್ ವುಕೊವಿಚ್ ಸತ್ತರು. ಮರುತಿಂಗಳೇ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಪ್ರಾಣ ಕಳೆದುಕೊಂಡರು. ಆ ವರ್ಷ ಅಸೋಸಿಯೇಷನ್ ರೇಸಿಂಗ್‌ನಿಂದ ಹಿಂದೆ ಸರಿಯಿತು. ಅದರ ಜಾಗಕ್ಕೆ ಯುನೈಟೆಡ್ ಸ್ಟೇಟ್ಸ್ ಆಟೊ ಕ್ಲಬ್, ಅಂದರೆ ಯುಸ್ಯಾಕ್ ಬಂತು.

ಯುಸ್ಯಾಕ್ 1956ರಿಂದ ಸ್ಪ್ರಿಂಟ್ ಕಾರ್‌ಗಳಿಗೆ ಚಾಂಪಿಯನ್‌ಶಿಪ್ ನಡೆಸಿತು. ಮೊದಮೊದಲು ದೇಶವನ್ನು ಎರಡು ವಿಭಾಗ ಮಾಡಿ ಅಂಕ ಲೆಕ್ಕ ಹಾಕುತ್ತಿದ್ದರು. ಆ ವರ್ಷ ಪೂರ್ವ ವಿಭಾಗದಲ್ಲಿ ಟಾಮಿ ಹಿನ್ನರ್‌ಷಿಟ್ಜ್, ಮಧ್ಯಪಶ್ಚಿಮದಲ್ಲಿ ಪ್ಯಾಟ್ ಓ'ಕಾನರ್ ಗೆದ್ದರು. 1961ರಲ್ಲಿ ಎರಡೂ ಒಂದಾಗಿ ಪಾರ್ನೆಲ್ಲಿ ಜೋನ್ಸ್ ರಾಷ್ಟ್ರೀಯ ಚಾಂಪಿಯನ್ ಆದರು. ಆ ಕಾಲದಲ್ಲಿ ಸ್ಪ್ರಿಂಟ್ ಕಾರ್ ಎಂದರೆ ಇಂಡಿಯಾನಾಪೊಲಿಸ್‌ಗೆ ಹತ್ತುವ ಏಣಿ. ಎ.ಜೆ. ಫಾಯ್ಟ್, ಮಾರಿಯೊ ಆಂಡ್ರೆಟ್ಟಿ, ಜಾನಿ ರುದರ್‌ಫೋರ್ಡ್ ಎಲ್ಲರೂ ಈ ಮಣ್ಣಿನಲ್ಲಿ ಪಳಗಿದವರೇ.

1960ರ ದಶಕದ ನಡುವೆ ಇಂಡಿಯಾನಾಪೊಲಿಸ್ ಕಾರುಗಳ ಎಂಜಿನ್ ಚಾಲಕನ ಮುಂದಿನಿಂದ ಹಿಂದಕ್ಕೆ ಹೋಯಿತು. ಮುಂಭಾಗದಲ್ಲಿ ಎಂಜಿನ್ ಇರುವ ಸ್ಪ್ರಿಂಟ್ ಕಾರ್ ಓಡಿಸಿ ಕಲಿತ ವಿದ್ಯೆ ಅಲ್ಲಿ ಮೊದಲಿನಷ್ಟು ಉಪಯೋಗಕ್ಕೆ ಬರಲಿಲ್ಲ. ಏಣಿಯ ಮೇಲಿನ ಮೆಟ್ಟಿಲು ಮುರಿಯಿತು. ಕೆಳಗೆ ಉಳಿದವರು ಸ್ಪ್ರಿಂಟ್ ಕಾರನ್ನೇ ಜೀವನೋಪಾಯ ಮಾಡಿಕೊಂಡರು.

ಇವರಲ್ಲಿ ಕೆಲವರು ಯಾವ ಸಂಘಟನೆಯ ಕಟ್ಟುಪಾಡಿಗೂ ಒಳಪಡದೆ, ಈ ವಾರ ಎಲ್ಲಿ ಬಹುಮಾನ ಹೆಚ್ಚೋ ಅಲ್ಲಿಗೆ ಕಾರು ಕಟ್ಟಿಕೊಂಡು ಹೊರಡುತ್ತಿದ್ದರು. ಅವರಿಗೆ ಔಟ್‌ಲಾಸ್, ಅಂದರೆ ಕಾನೂನಿನ ಹೊರಗಿನವರು, ಎಂಬ ಹೆಸರು ಬಿದ್ದದ್ದು ಹೀಗೆ. 1971ರಲ್ಲಿ ಅಯೋವಾದ ದೊಡ್ಡ ವಾರ್ಷಿಕ ರೇಸ್ ನಾಕ್ಸ್‌ವಿಲ್ ನ್ಯಾಷನಲ್ಸ್ ಗೆದ್ದ ಜಾನ್ ಒಪ್ಪರ್‌ಮನ್, ಕೆನ್ನಿ ವೆಲ್ಡ್, ಪೆನ್ಸಿಲ್ವೇನಿಯಾದ ಬಾಬಿ ಅಲೆನ್, ‘ಒಹಾಯೊ ಟ್ರಾವೆಲರ್’ ಎಂದೇ ಹೆಸರಾದ ರಿಕ್ ಫರ್ಕೆಲ್ ಈ ಸಾಲಿನವರು. ಇವರ ಕಾರುಗಳ ತಲೆಯ ಮೇಲೆ ದೊಡ್ಡ ರೆಕ್ಕೆಗಳಿದ್ದವು. 1958ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ಜಿಮ್ ಕುಷ್‌ಮನ್ ಮೊದಲು ತೋರಿಸಿಕೊಟ್ಟ ಆ ರೆಕ್ಕೆಯನ್ನು ಯುಸ್ಯಾಕ್ ಒಪ್ಪಿರಲಿಲ್ಲ. ಅಲೆಮಾರಿ ಚಾಲಕರು ಅದನ್ನು ತಮ್ಮದಾಗಿಸಿಕೊಂಡರು.

ಪ್ರತಿಭೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಲೆಕ್ಕಕ್ಕೆ. ಒಬ್ಬ ಚಾಲಕ ವರ್ಷದಲ್ಲಿ ಹತ್ತು ರಾಜ್ಯಗಳಲ್ಲಿ ಗೆದ್ದರೂ ಅವನನ್ನು ಚಾಂಪಿಯನ್ ಎನ್ನಲು ಯಾವ ಪಟ್ಟಿಯೂ ಇರಲಿಲ್ಲ. ಊರಲ್ಲೇ ಉಳಿದು ಒಂದೇ ಟ್ರ್ಯಾಕ್‌ನಲ್ಲಿ ಓಡಿಸಿದವನಿಗೆ ಅಲ್ಲಿನ ಬಿರುದಾದರೂ ಸಿಗುತ್ತಿತ್ತು; ದೇಶ ಸುತ್ತಿದವನಿಗೆ ಅದೂ ಇಲ್ಲ. ಟ್ರ್ಯಾಕ್ ನಡೆಸುವವರ ಕಷ್ಟ ಬೇರೆ. ಹೆಸರಾಂತ ಚಾಲಕರು ಬರುತ್ತಾರೆ ಎಂದು ಭಿತ್ತಿಪತ್ರ ಅಂಟಿಸಿದರೂ ಅವರು ಬಂದೇ ಬರುತ್ತಾರೆ ಎಂಬ ಖಾತ್ರಿ ಇರುತ್ತಿರಲಿಲ್ಲ. ಈ ಎರಡು ಕೊರತೆಗಳಿಗೆ ಸೇರಿ ಒಂದೇ ಉತ್ತರ ಬೇಕಿತ್ತು.

ಸ್ಥಾಪನೆ: 1978

ಆ ಉತ್ತರ ಕೊಟ್ಟವರು ಟೆಡ್ ಜಾನ್ಸನ್. ಅವರ ಯೋಜನೆ ಸರಳವಾಗಿತ್ತು. ದೇಶದ ಬೇರೆ ಬೇರೆ ಕಡೆ ಆಗಲೇ ನಡೆಯುತ್ತಿದ್ದ ದೊಡ್ಡ ರೇಸ್‌ಗಳನ್ನು ಒಂದು ವೇಳಾಪಟ್ಟಿಯಲ್ಲಿ ಪೋಣಿಸುವುದು. ಪ್ರತಿ ರೇಸ್‌ಗೂ ಅಂಕ ಕೊಡುವುದು. ವೇಳಾಪಟ್ಟಿಯ ಉದ್ದಕ್ಕೂ ಬರುವ ಚಾಲಕರನ್ನು ಒಂದು ತಂಡದಂತೆ ಟ್ರ್ಯಾಕ್ ಮಾಲೀಕರ ಮುಂದಿಡುವುದು. ಟ್ರ್ಯಾಕ್‌ನವರಿಗೆ ತಾರೆಯರು ಬರುವ ಭರವಸೆ, ಚಾಲಕರಿಗೆ ಇಂತಿಷ್ಟು ಬಹುಮಾನದ ಭರವಸೆ. ನಡುವೆ ನಿಂತು ಎರಡೂ ಕಡೆಯ ಮಾತಿಗೆ ಹೊಣೆಯಾದವರು ಜಾನ್ಸನ್.

ಮೊದಲ ರೇಸ್ ನಡೆದದ್ದು 1978ರ ಮಾರ್ಚ್ 18ರಂದು, ಟೆಕ್ಸಾಸ್‌ನ ಮೆಸ್ಕೀಟ್‌ನ ಡೆವಿಲ್ಸ್ ಬೌಲ್ ಸ್ಪೀಡ್‌ವೇಯಲ್ಲಿ. ಗೆದ್ದವರು ಕ್ಯಾಲಿಫೋರ್ನಿಯಾದ ಜಿಮ್ಮಿ ಬಾಯ್ಡ್. ವರ್ಷದ ಕೊನೆಗೆ ಅಂಕಪಟ್ಟಿಯ ತುದಿಯಲ್ಲಿದ್ದವರು ಇಂಡಿಯಾನಾದ ಬ್ಲೂಮಿಂಗ್ಟನ್‌ನಿಂದ ಬಂದ 24ರ ತರುಣ ಸ್ಟೀವ್ ಕಿನ್ಸರ್. ಕಾರು ಅವರ ಬಂಧು ಕಾರ್ಲ್ ಕಿನ್ಸರ್ ಅವರದು. ಮೊದಲ ಗೆಲುವು ಒಬ್ಬರದು, ಮೊದಲ ಬಿರುದು ಇನ್ನೊಬ್ಬರದು. ಒಂದು ರಾತ್ರಿಯ ಫಲಿತಾಂಶಕ್ಕೂ ಒಂದು ಋತುವಿನ ಫಲಿತಾಂಶಕ್ಕೂ ಇರುವ ಅಂತರ ಮೊದಲ ವರ್ಷವೇ ಜನರಿಗೆ ಕಾಣಿಸಿತು.

ಅದೇ ವಸಂತದಲ್ಲಿ, ಏಪ್ರಿಲ್ 23ರಂದು, ಟ್ರೆಂಟನ್ ರೇಸ್ ಮುಗಿಸಿ ಇಂಡಿಯಾನಾಗೆ ಮರಳುತ್ತಿದ್ದ ಯುಸ್ಯಾಕ್‌ನ ಎಂಟು ಮಂದಿ ಅಧಿಕಾರಿಗಳು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದು ಇಡೀ ಅಮೆರಿಕನ್ ರೇಸಿಂಗ್‌ಗೆ ಬಿದ್ದ ಪೆಟ್ಟು. ರೆಕ್ಕೆಯಿಲ್ಲದ ಸ್ಪ್ರಿಂಟ್ ಕಾರ್‌ಗಳ ಪರಂಪರೆಯನ್ನು ಯುಸ್ಯಾಕ್ ಆ ಮೇಲೂ ಗೌರವದಿಂದ ನಡೆಸಿಕೊಂಡು ಬಂತು; 1995ರಲ್ಲಿ ಅದರ ಮೂರೂ ರಾಷ್ಟ್ರೀಯ ಬಿರುದುಗಳನ್ನು ಟೋನಿ ಸ್ಟೀವರ್ಟ್ ಒಂದೇ ಋತುವಿನಲ್ಲಿ ಗೆದ್ದದ್ದು ಆ ಪರಂಪರೆಯ ಒಂದು ಶಿಖರ. ರೆಕ್ಕೆ ಹೊತ್ತ ಕಾರುಗಳ ರಾಷ್ಟ್ರೀಯ ಮನೆ ಮಾತ್ರ ಅಲ್ಲಿಂದಾಚೆಗೆ ವರ್ಲ್ಡ್ ಆಫ್ ಔಟ್‌ಲಾಸ್ ಆಯಿತು.

ಬೇರೂರಿದ ದಶಕ: 1979–1988

ಹೊಸ ಸರಣಿಗೆ ಜನ ಸೇರಲು ಒಂದು ಪೈಪೋಟಿ ಬೇಕು. ಅದು ತಾನಾಗಿ ಒದಗಿತು. ಕಿನ್ಸರ್ 1979 ಮತ್ತು 1980ರಲ್ಲೂ ಗೆದ್ದರು. 1981, 1982ರ ಬಿರುದುಗಳನ್ನು ಟೆನೆಸಿಯ ಸ್ಯಾಮಿ ಸ್ವಿಂಡೆಲ್ ಕಸಿದುಕೊಂಡರು. ಸೌತ್ ಡಕೋಟಾದ ಡಗ್ ವುಲ್ಫ್‌ಗ್ಯಾಂಗ್ ನಾಕ್ಸ್‌ವಿಲ್ ನ್ಯಾಷನಲ್ಸನ್ನು ಐದು ಸಲ ಗೆದ್ದ ಧೀರ. ಕಿನ್ಸರ್, ಸ್ವಿಂಡೆಲ್, ವುಲ್ಫ್‌ಗ್ಯಾಂಗ್ ಎಂಬ ಮೂರು ಹೆಸರು ಭಿತ್ತಿಪತ್ರದಲ್ಲಿದ್ದರೆ ಸಾಕಿತ್ತು, ಗ್ಯಾಲರಿ ತುಂಬುತ್ತಿತ್ತು.

1983ರಿಂದ 1988ರವರೆಗೆ ಆರು ವರ್ಷ ಬಿಡದೆ ಕಿನ್ಸರ್ ಚಾಂಪಿಯನ್. 1987ರ ಒಂದೇ ಋತುವಿನಲ್ಲಿ ಅವರು 46 ಅಂತಿಮ ರೇಸ್‌ಗಳನ್ನು ಗೆದ್ದರು. ಶಾಲಾ ದಿನಗಳಲ್ಲಿ ಕುಸ್ತಿಪಟುವಾಗಿದ್ದ ಅವರ ಭುಜಬಲ, ಕಾರ್ಲ್ ಕಿನ್ಸರ್ ಅವರ ಯಂತ್ರಜ್ಞಾನ, ಎರಡೂ ಕೂಡಿದ ಫಲ ಅದು.

ಇದೇ ದಶಕದಲ್ಲಿ ಬಹುಮಾನದ ಮೊತ್ತವೂ ಏರಿತು. ಒಹಾಯೊದ ರಾಸ್‌ಬರ್ಗ್ ಬಳಿ 1954ರಲ್ಲಿ ಎಲ್ಡೋರಾ ಸ್ಪೀಡ್‌ವೇ ಕಟ್ಟಿದ್ದ ಅರ್ಲ್ ಬಾಲ್ಟಿಸ್, 1984ರಲ್ಲಿ ಕಿಂಗ್ಸ್ ರಾಯಲ್ ಎಂಬ ರೇಸ್ ಶುರು ಮಾಡಿದರು. ಗೆದ್ದವರಿಗೆ 50,000 ಡಾಲರ್. ಸ್ಪ್ರಿಂಟ್ ಕಾರ್ ಜಗತ್ತಿನಲ್ಲಿ ಆವರೆಗೆ ಊಹಿಸದಿದ್ದ ಹಣ. ಗೆದ್ದವರಿಗೆ ಕಿರೀಟ ತೊಡಿಸಿ, ನಿಲುವಂಗಿ ಹೊದಿಸಿ, ಸಿಂಹಾಸನದಲ್ಲಿ ಕೂರಿಸುವ ಪದ್ಧತಿ ಇಂದಿಗೂ ನಡೆದಿದೆ. ಮೊದಲ ಕಿರೀಟ ತೊಟ್ಟವರು ಸ್ಟೀವ್ ಕಿನ್ಸರ್. 1988ರ ಕಿಂಗ್ಸ್ ರಾಯಲ್‌ನಲ್ಲಿ ಜನಪ್ರಿಯ ಚಾಲಕ ಬ್ರಾಡ್ ಡೋಟಿ ಅಪಘಾತಕ್ಕೀಡಾಗಿ ನಡೆಯುವ ಶಕ್ತಿ ಕಳೆದುಕೊಂಡರು. ಮುಂದೆ ಅವರು ದೂರದರ್ಶನದ ವೀಕ್ಷಕ ವಿವರಣೆಗಾರರಾಗಿ ಈ ಕ್ರೀಡೆಯ ದನಿಯಾದರು.

ಒಂದು ರಾತ್ರಿ, ಒಂದು ಲೆಕ್ಕ

ಅಂಕಪಟ್ಟಿಗೆ ಇಷ್ಟು ಮಹತ್ವ ಏಕೆ ಎಂದು ತಿಳಿಯಲು ಒಂದು ರೇಸ್ ರಾತ್ರಿಯನ್ನು ಹತ್ತಿರದಿಂದ ನೋಡಬೇಕು.

ಸ್ಪ್ರಿಂಟ್ ಕಾರಿಗೆ ಸ್ಟಾರ್ಟರ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ಹಿಂದಿನಿಂದ ಒಂದು ಟ್ರಕ್ ದೂಡಿಕೊಂಡು ಹೋಗುತ್ತದೆ. ಚಾಲಕ ಎಣ್ಣೆಯ ಒತ್ತಡದ ಮುಳ್ಳು ಮೇಲೇರುವುದನ್ನು ನೋಡಿ ಸ್ವಿಚ್ ಹಾಕುತ್ತಾನೆ, ಎಂಜಿನ್ ಗುಡುಗುತ್ತದೆ. 410 ಘನ ಇಂಚಿನ ವಿ-8 ಎಂಜಿನ್, ಇಂಧನ ಮೆಥನಾಲ್, ಶಕ್ತಿ ಸುಮಾರು 900 ಅಶ್ವಶಕ್ತಿ. ಚಾಲಕನನ್ನೂ ಸೇರಿಸಿ ಕಾರಿನ ಕನಿಷ್ಠ ತೂಕ ಸುಮಾರು 1,400 ಪೌಂಡ್, ಅಂದರೆ 635 ಕಿಲೊ. ಮೇಲಿನ ರೆಕ್ಕೆ 25 ಚದರ ಅಡಿ. ಬಲ ಹಿಂಬದಿಯ ಟೈರ್ ಎಡದ್ದಕ್ಕಿಂತ ದೊಡ್ಡದು. ಸದಾ ಎಡಕ್ಕೆ ತಿರುಗುವ ಹಾದಿಗೆ ಅದು ಬೇಕು. ಮುಂದಿನ ಕಾರು ಎರಚುವ ಜೇಡಿಮಣ್ಣು ಹೆಲ್ಮೆಟ್ಟಿನ ಗಾಜಿಗೆ ಮೆತ್ತಿಕೊಳ್ಳುತ್ತದೆ. ಗಾಜಿನ ಮೇಲೆ ಪದರ ಪದರವಾಗಿ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಚಾಲಕ ಒಂದೊಂದಾಗಿ ಕಿತ್ತೆಸೆಯುತ್ತಾ ಹೋಗುತ್ತಾನೆ. ಒಂದು ಕೈ ಹಾಳೆಗೆ, ಒಂದು ಕೈ ಸ್ಟೀರಿಂಗ್‌ಗೆ.

ರಾತ್ರಿಗೆ ಹಲವು ಹಂತ. ಮೊದಲು ಒಂಟಿ ಕಾರಿನ ಸಮಯ ಪರೀಕ್ಷೆ, ಆಮೇಲೆ ಹೀಟ್ ರೇಸ್‌ಗಳು, ಮುಂದಿನ ಸಾಲುಗಳನ್ನು ತೀರ್ಮಾನಿಸುವ ಡ್ಯಾಶ್, ಉಳಿದವರಿಗೆ ಕೊನೆಯ ಅವಕಾಶದ ರೇಸ್, ಎಲ್ಲಕ್ಕೂ ಕಡೆಗೆ ಎ-ಮೇನ್ ಎಂಬ ಅಂತಿಮ ರೇಸ್. ಅದಕ್ಕೆ ಮುನ್ನ ಕಾರುಗಳೆಲ್ಲ ನಾಲ್ಕು ನಾಲ್ಕು ಸಾಲಾಗಿ ಹೆಗಲಿಗೆ ಹೆಗಲು ಕೊಟ್ಟು ನಿಧಾನವಾಗಿ ಬಂದು ಗ್ಯಾಲರಿಗೆ ನಮಸ್ಕರಿಸುತ್ತವೆ.

ಇಂದಿನ ಲೆಕ್ಕದಲ್ಲಿ ಎ-ಮೇನ್ ಗೆದ್ದವರಿಗೆ 150 ಅಂಕ, ಎರಡನೆಯವರಿಗೆ 146, ಮೂರನೆಯವರಿಗೆ 144. ಅಲ್ಲಿಂದ ಕೆಳಕ್ಕೆ ಪ್ರತಿ ಸ್ಥಾನಕ್ಕೆ ಎರಡೆರಡು ಕಡಿಮೆ. ಎ-ಮೇನ್‌ನಲ್ಲಿ ಕೊನೆಯ ಸ್ಥಾನ ಪಡೆದವರಿಗೂ ನೂರಕ್ಕೆ ಮೇಲ್ಪಟ್ಟು ಅಂಕ. ಗೆದ್ದವರಿಗೂ ಐದನೆಯವರಿಗೂ ವ್ಯತ್ಯಾಸ ಹತ್ತೇ ಅಂಕ. ಬಾರದೆ ಮನೆಯಲ್ಲಿ ಉಳಿದವರಿಗೆ ಮಾತ್ರ ಸೊನ್ನೆ. ಹೀಗಾಗಿ ಮಿಂಚಿ ಮರೆಯಾಗುವ ಚಾಲಕನಿಗಿಂತ ಪ್ರತಿ ರಾತ್ರಿ ಹಾಜರಾಗಿ, ಮುರಿದ ಕಾರನ್ನು ಬೆಳಗಿನೊಳಗೆ ಸರಿಪಡಿಸಿ, ಮಳೆಗೆ ರೇಸ್ ರದ್ದಾದರೂ ಮುಂದಿನ ಊರಿಗೆ ಹೊರಡುವ ಚಾಲಕನೇ ಇಲ್ಲಿ ದೊಡ್ಡವನು. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ಬಲ್ಲ ಕನ್ನಡಿಗರಿಗೆ ಈ ಬದುಕು ಬೇಗ ಅರ್ಥವಾದೀತು: ಇಂದು ಒಂದೂರು, ನಾಳೆ ಇನ್ನೊಂದೂರು, ಋತು ಮುಗಿಯುವವರೆಗೆ ಬಿಡುವಿಲ್ಲ.

ಕವಲುಗಳು, ಕೂಡುವಿಕೆ: 1989–2003

ಬೆಳೆಯುವ ಮನೆಯಲ್ಲಿ ಅಭಿಪ್ರಾಯಭೇದ ಸಹಜ. 1989ರಲ್ಲಿ ಕಿನ್ಸರ್ ಅವರೂ ಸೇರಿ ಕೆಲವು ತಂಡಗಳು ಯುನೈಟೆಡ್ ಸ್ಪ್ರಿಂಟ್ ಅಸೋಸಿಯೇಷನ್ ಎಂಬ ಬೇರೆ ಸರಣಿಗೆ ಹೋದವು. ಆ ವರ್ಷ ವರ್ಲ್ಡ್ ಆಫ್ ಔಟ್‌ಲಾಸ್ ಬಿರುದು ಬಾಬಿ ಡೇವಿಸ್ ಜೂನಿಯರ್ ಅವರಿಗೆ ಸಂದಿತು. ಮರುವರ್ಷ ಎಲ್ಲರೂ ಮತ್ತೆ ಒಂದೇ ವೇಳಾಪಟ್ಟಿಗೆ ಬಂದರು. 1990ರಿಂದ 1994ರವರೆಗೆ ಕಿನ್ಸರ್ ಐದು ಬಿರುದು ಗೆದ್ದರು. ಮಾತುಕತೆಯಿಂದ ಬಗೆಹರಿಯದ್ದನ್ನು ಒಂದು ಋತುವಿನ ಅನುಭವ ಬಗೆಹರಿಸಿತು ಎನ್ನಬೇಕು. ಅಂಕಪಟ್ಟಿ ಎರಡಾದರೆ ಎರಡಕ್ಕೂ ಬೆಲೆ ಕಡಿಮೆ ಎಂಬುದು ಎಲ್ಲರಿಗೂ ಮನದಟ್ಟಾಯಿತು.

1992ರ ವಸಂತದಲ್ಲಿ ಕ್ಯಾನ್ಸಸ್ ಸಿಟಿಯ ಲೇಕ್‌ಸೈಡ್ ಸ್ಪೀಡ್‌ವೇಯಲ್ಲಿ ಅಭ್ಯಾಸದ ವೇಳೆ ವುಲ್ಫ್‌ಗ್ಯಾಂಗ್ ಅವರ ಕಾರಿಗೆ ಬೆಂಕಿ ಹೊತ್ತಿ ಅವರು ತೀವ್ರವಾಗಿ ಸುಟ್ಟುಕೊಂಡರು. ಮೆಥನಾಲ್ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಟ್ರ್ಯಾಕ್‌ನಲ್ಲಿ ಬೆಂಕಿ ನಂದಿಸುವ ಸಿದ್ಧತೆಯ ಹೊಣೆ ಯಾರದು ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು, ತೀರ್ಪು ಚಾಲಕನ ಪರವಾಗಿ ಬಂತು. ಕಹಿಯಾದರೂ ಅದೊಂದು ಪಾಠ. ಅಂಕ ಎಣಿಸುವ ಸಂಸ್ಥೆ ಜೀವವನ್ನೂ ಎಣಿಕೆಗೆ ತಂದುಕೊಳ್ಳಲೇಬೇಕು ಎಂಬುದನ್ನು ಅದು ನೆನಪಿಸಿತು.

1995ರಲ್ಲಿ ಕಿನ್ಸರ್ ನ್ಯಾಸ್‌ಕಾರ್ ಎಂಬ ಸ್ಟಾಕ್ ಕಾರ್ ರೇಸಿಂಗ್ ಕಡೆ ಮುಖ ಮಾಡಿದಾಗ ಒಹಾಯೊದ ಡೇವ್ ಬ್ಲೇನಿ ಚಾಂಪಿಯನ್ ಆದರು. 1996 ಮತ್ತು 1999ರಲ್ಲಿ ಕಾರ್ಲ್ ಅವರ ಮಗ ಮಾರ್ಕ್ ಕಿನ್ಸರ್ ಗೆದ್ದರು. 1997ರಲ್ಲಿ ಹದಿನೈದು ವರ್ಷಗಳ ಅಂತರದ ಬಳಿಕ ಸ್ವಿಂಡೆಲ್ ತಮ್ಮ ಮೂರನೇ ಬಿರುದು ಪಡೆದರು. 2001ರಲ್ಲಿ ಮಿಸೌರಿಯ ಡ್ಯಾನಿ ಲಾಸೋಸ್ಕಿ, ಟೋನಿ ಸ್ಟೀವರ್ಟ್ ಅವರ ಹೊಸ ತಂಡದ ಕಾರಿನಲ್ಲಿ ಗೆದ್ದರು. ತಾನು ಬೆಳೆದ ಮಣ್ಣಿಗೆ ನ್ಯಾಸ್‌ಕಾರ್ ತಾರೆಯೊಬ್ಬ ಹಣ ಹೂಡಿ ಮರಳಿದ್ದು ಆಗ ದೊಡ್ಡ ಬೆಂಬಲವಾಯಿತು. ನಡುನಡುವೆ ಕಿನ್ಸರ್ 1998, 2000 ಮತ್ತು 2002ರಿಂದ ಸತತ ನಾಲ್ಕು ವರ್ಷ ಗೆದ್ದು, 2005ಕ್ಕೆ ಇಪ್ಪತ್ತು ಬಿರುದುಗಳನ್ನು ಪೂರ್ಣಗೊಳಿಸಿದರು. ಅವರ ಅಂತಿಮ ರೇಸ್ ಗೆಲುವುಗಳು 500ಕ್ಕೂ ಹೆಚ್ಚು. ಆ ಎತ್ತರಕ್ಕೆ ಇನ್ನಾರೂ ಏರಿಲ್ಲ.

ಅಂಗಳಗಳು, ಕಟ್ಟಡಗಳು

ಸ್ವಂತ ಕಟ್ಟಡವಿಲ್ಲದೆ ಹುಟ್ಟಿದ ಈ ಸಂಸ್ಥೆಗೆ ಹಲವು ಊರುಗಳು ಅಂಗಳ ಕೊಟ್ಟಿವೆ. ಅವುಗಳಲ್ಲಿ ಮೊದಲ ಹೆಸರು ಅಯೋವಾ ರಾಜ್ಯದ ನಾಕ್ಸ್‌ವಿಲ್. ಜನಸಂಖ್ಯೆ ಏಳೆಂಟು ಸಾವಿರದ ಊರು. ಮೇರಿಯನ್ ಕೌಂಟಿ ಮೇಳದ ಮೈದಾನದಲ್ಲಿರುವ ಅರ್ಧ ಮೈಲಿಯ ಕಪ್ಪು ಮಣ್ಣಿನ ಟ್ರ್ಯಾಕ್‌ನಲ್ಲಿ 1961ರಿಂದ ನ್ಯಾಷನಲ್ಸ್ ನಡೆಯುತ್ತಿದೆ. ಮೊದಲ ವರ್ಷ ಗೆದ್ದವರು ರಾಯ್ ರಾಬಿನ್ಸ್. ಆಗಸ್ಟ್ ತಿಂಗಳ ಆ ವಾರ ಊರಿನ ಜನಸಂಖ್ಯೆಗಿಂತ ಗ್ಯಾಲರಿಯಲ್ಲಿ ಕುಳಿತವರೇ ಹೆಚ್ಚು.

ನ್ಯಾಷನಲ್ಸ್‌ಗೆ ತನ್ನದೇ ಅಂಕಪದ್ಧತಿ ಇದೆ. ಮೊದಲ ರಾತ್ರಿಗಳಲ್ಲಿ ಚಾಲಕರು ಎರಡು ಗುಂಪಾಗಿ ಅರ್ಹತೆಗೆ ಓಡಿಸುತ್ತಾರೆ. ಸಮಯ ಪರೀಕ್ಷೆಯಲ್ಲಿ ಮೊದಲಿಗರಾದರೆ 200, ಹೀಟ್ ಗೆದ್ದರೆ 100, ರಾತ್ರಿಯ ಅಂತಿಮ ರೇಸ್ ಗೆದ್ದರೆ 200, ಒಟ್ಟು 500. ಹೀಟ್‌ನಲ್ಲಿ ವೇಗದವರನ್ನೇ ಹಿಂದಿನ ಸಾಲಿನಲ್ಲಿ ನಿಲ್ಲಿಸುವುದರಿಂದ 500 ಗಳಿಸುವುದು ಬಹು ಕಷ್ಟ. ಶನಿವಾರದ ಫೈನಲ್‌ನಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಈ ಅಂಕ ನಿರ್ಧರಿಸುತ್ತದೆ. ಇಡೀ ಋತುವಿನ ನೀತಿಯನ್ನು ನಾಲ್ಕು ದಿನಕ್ಕೆ ಇಳಿಸಿದಂತಿದೆ ಈ ಲೆಕ್ಕ.

ಈ ಟ್ರ್ಯಾಕ್‌ನ ಎರಡನೇ ತಿರುವಿನ ಹೊರಗೆ 1992ರ ಜನವರಿಯಲ್ಲಿ ನ್ಯಾಷನಲ್ ಸ್ಪ್ರಿಂಟ್ ಕಾರ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯ ತೆರೆಯಿತು. ಮೊದಲ ಸಾಲಿನ ಗಣ್ಯರನ್ನು 1990ರಲ್ಲೇ ಆಯ್ದು ಗೌರವಿಸಿದ್ದರು. ಹಳೆಯ ಕಾರುಗಳು, ಹೆಲ್ಮೆಟ್‌ಗಳು, ಛಾಯಾಚಿತ್ರಗಳು ಅಲ್ಲಿ ಒಂದೇ ಸೂರಿನಡಿ ಇವೆ. ಔಟ್‌ಲಾಸ್, ಯುಸ್ಯಾಕ್, ಐಎಂಸಿಎ ಎಂಬ ಭೇದವನ್ನು ಆ ಕಟ್ಟಡ ಎಣಿಸುವುದಿಲ್ಲ. ಎಲ್ಲ ಕವಲುಗಳಿಗೂ ಅದು ತವರು.

ಪೆನ್ಸಿಲ್ವೇನಿಯಾದಲ್ಲಿ 1939ರಲ್ಲಿ ತೆರೆದ ವಿಲಿಯಮ್ಸ್ ಗ್ರೋವ್ ಸ್ಪೀಡ್‌ವೇ ಇನ್ನೊಂದು ಪುಣ್ಯಸ್ಥಳ. ಅಲ್ಲಿನ ಸ್ಥಳೀಯ ಚಾಲಕರಿಗೆ ಪೆನ್ಸಿಲ್ವೇನಿಯಾ ಪೋಸಿ ಎಂದು ಹೆಸರು. ದೇಶ ಸುತ್ತುವ ಔಟ್‌ಲಾಸ್ ಬಂದ ರಾತ್ರಿ ಅವರನ್ನು ಸೋಲಿಸುವುದು ಪೋಸಿಯ ಹೆಮ್ಮೆ. ಪೋರ್ಟ್ ರಾಯಲ್‌ನಲ್ಲಿರುವ ಟ್ರ್ಯಾಕ್ ಜುನಿಯಾಟ ಕೌಂಟಿಯ ಕೃಷಿ ಸಂಘದ್ದೇ. ಎಲ್ಡೋರಾವನ್ನು 2004ರಲ್ಲಿ ಬಾಲ್ಟಿಸ್ ದಂಪತಿಯಿಂದ ಟೋನಿ ಸ್ಟೀವರ್ಟ್ ಕೊಂಡರು. 2000ದಲ್ಲಿ ತೆರೆದ ಷಾರ್ಲಟ್‌ನ ಡರ್ಟ್ ಟ್ರ್ಯಾಕ್‌ನಲ್ಲಿ 2007ರಿಂದ ವರ್ಲ್ಡ್ ಫೈನಲ್ಸ್ ನಡೆಯುತ್ತಿದ್ದು, ಋತುವಿನ ಮುಕ್ತಾಯಕ್ಕೆ ಒಂದು ನೆಲೆ ಸಿಕ್ಕಿದೆ.

ಹೊಸ ಆಡಳಿತ, ಹೊಸ ತಲೆಮಾರು: 2004–2018

2004ರಲ್ಲಿ ಸರಣಿಯ ಒಡೆತನ ಕೈ ಬದಲಾಯಿತು. ಒಬ್ಬ ವ್ಯಕ್ತಿಯ ಮಾತು ಮತ್ತು ಶ್ರಮದ ಮೇಲೆ ನಡೆದ ಉದ್ಯಮ ಕಂಪನಿಯಾಯಿತು. ಇಂದು ಅದನ್ನು ನಡೆಸುತ್ತಿರುವುದು ನಾರ್ತ್ ಕ್ಯಾರೊಲಿನಾದ ಕಾನ್ಕಾರ್ಡ್‌ನಲ್ಲಿರುವ ವರ್ಲ್ಡ್ ರೇಸಿಂಗ್ ಗ್ರೂಪ್. 2004ರಲ್ಲೇ ಕ್ಯಾಲಿಫೋರ್ನಿಯಾದ ಟುಲೇರಿಯಲ್ಲಿ ಎರಿನ್ ಕ್ರಾಕರ್ ಎ-ಮೇನ್ ಗೆದ್ದು, ಈ ಸರಣಿಯಲ್ಲಿ ಗೆದ್ದ ಮೊದಲ ಮಹಿಳೆಯಾದರು. ಅಂಕ ಬರೆಯುವ ಪುಸ್ತಕಕ್ಕೆ ಗಂಡು ಹೆಣ್ಣೆಂಬ ಕಾಲಂ ಬೇಕಿಲ್ಲ ಎಂದು ಆ ರಾತ್ರಿ ಸಾಬೀತಾಯಿತು.

ಬದಲಾವಣೆಯ ಕಾಲದಲ್ಲಿ ಮತ್ತೊಮ್ಮೆ ಕವಲೊಡೆಯಿತು. 2006ರಲ್ಲಿ ವಾಷಿಂಗ್ಟನ್ ರಾಜ್ಯದ ಆಯೋಜಕ ಫ್ರೆಡ್ ಬ್ರೌನ್‌ಫೀಲ್ಡ್ ನ್ಯಾಷನಲ್ ಸ್ಪ್ರಿಂಟ್ ಟೂರ್ ಆರಂಭಿಸಿದಾಗ ಕಿನ್ಸರ್ ಸೇರಿದಂತೆ ಹಲವರು ಅತ್ತ ಹೋದರು. ಆ ಜೂನ್‌ನಲ್ಲಿ ಬ್ರೌನ್‌ಫೀಲ್ಡ್ ಟ್ರ್ಯಾಕ್ ಮೇಲೆ ಕೆಲಸ ಮಾಡುತ್ತಿರುವಾಗಲೇ ಕಾರು ಬಡಿದು ತೀರಿಕೊಂಡರು. ಎರಡೂ ಕಡೆಯವರು ಅವರಿಗಾಗಿ ಮರುಗಿದರು. ಒಂದೇ ಋತುವಿನ ನಂತರ ಆ ಸರಣಿ ನಿಂತಿತು, ಚಾಲಕರು ಮರಳಿದರು.

ಆ ವರ್ಷ ಔಟ್‌ಲಾಸ್ ಬಿರುದು ಗೆದ್ದವರು ನಾರ್ತ್ ಡಕೋಟಾದ ಮೈನಾಟ್‌ನ ಡಾನಿ ಷಾಟ್ಜ್. ಅವರ ಮನೆತನದ್ದು ಹೆದ್ದಾರಿ ಬದಿಯ ಟ್ರಕ್ ತಂಗುದಾಣ. ರಸ್ತೆಯ ಬದುಕು ಅವರಿಗೆ ಹುಟ್ಟಿನಿಂದಲೇ ಗೊತ್ತು. 2006ರಿಂದ 2009, 2012, 2014ರಿಂದ 2018. ಒಟ್ಟು ಹತ್ತು ಬಿರುದು. ನಾಕ್ಸ್‌ವಿಲ್ ನ್ಯಾಷನಲ್ಸ್‌ನಲ್ಲಿ ಕಿನ್ಸರ್ 12 ಸಲ ಗೆದ್ದರೆ ಷಾಟ್ಜ್ 11 ಸಲ. ನಡುವಿನ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಜೇಸನ್ ಮೇಯರ್ಸ್ ಎರಡು ಸಲ, ಓಕ್ಲಹೋಮಾದ ಡ್ಯಾರಿನ್ ಪಿಟ್‌ಮನ್ ಒಮ್ಮೆ ಗೆದ್ದರು. 2016ರ ನ್ಯಾಷನಲ್ಸ್‌ನಲ್ಲಿ ಷಾಟ್ಜ್ ಅವರನ್ನು ಮಣಿಸಿದ್ದ ಜೇಸನ್ ಜಾನ್ಸನ್ 2018ರ ಜೂನ್‌ನಲ್ಲಿ ವಿಸ್ಕಾನ್ಸಿನ್‌ನ ಬೀವರ್ ಡ್ಯಾಮ್‌ನಲ್ಲಿ ಅಪಘಾತಕ್ಕೆ ಬಲಿಯಾದರು. ಅವರ ಹೆಸರಿನ ತಂಡ ಮುಚ್ಚಲಿಲ್ಲ. ಇಂದಿಗೂ ಅದು ಸರಣಿಯ ಮುಂಚೂಣಿಯಲ್ಲಿದೆ.

ನಾಲ್ಕು ಅಂಕ, ಮತ್ತು ಆಮೇಲೆ: 2019ರಿಂದ

ಅಂಕಪಟ್ಟಿಯ ಮಹಿಮೆ ಎಂದಿಗಿಂತ ಹೆಚ್ಚಾಗಿ ಕಂಡದ್ದು 2019ರಲ್ಲಿ. ಫೆಬ್ರವರಿಯಿಂದ ನವೆಂಬರ್‌ವರೆಗೆ ದೇಶ ಸುತ್ತಿದ ಮೇಲೆ ಷಾರ್ಲಟ್‌ನ ಕೊನೆಯ ರಾತ್ರಿಗೂ ಚಾಂಪಿಯನ್ ಯಾರೆಂದು ತೀರ್ಮಾನವಾಗಿರಲಿಲ್ಲ. ಒಂದು ಕಡೆ ಸತತ ಆರನೇ ಬಿರುದಿಗೆ ಕೈ ಚಾಚಿದ್ದ ಷಾಟ್ಜ್, ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಯ ಬ್ರಾಡ್ ಸ್ವೀಟ್. ಕಡೆಗೆ ಸ್ವೀಟ್ ಗೆದ್ದದ್ದು ನಾಲ್ಕೇ ಅಂಕಗಳಿಂದ. ಸರಣಿಯ ಇತಿಹಾಸದಲ್ಲೇ ಅದು ಅತಿ ಕಡಿಮೆ ಅಂತರ. ಒಂದೇ ರಾತ್ರಿಯ ಮೊದಲ ಸ್ಥಾನಕ್ಕೂ ಎರಡನೇ ಸ್ಥಾನಕ್ಕೂ ಇರುವ ವ್ಯತ್ಯಾಸವೂ ನಾಲ್ಕೇ ಅಂಕ. ಎಲ್ಲೋ ಒಂದು ಸಣ್ಣ ಊರಿನಲ್ಲಿ ಕೊನೆಯ ಲ್ಯಾಪ್‌ನಲ್ಲಿ ಹಿಂದೆ ಹಾಕಿದ ಒಂದು ಕಾರು, ಬಿಟ್ಟುಕೊಡದ ಒಂದು ಸ್ಥಾನ ವರ್ಷದ ಭವಿಷ್ಯವನ್ನೇ ಬರೆದಿರಬಹುದು. ಯಾವ ರಾತ್ರಿಯೂ ಸಣ್ಣದಲ್ಲ ಎಂಬ ಸಂಸ್ಥೆಯ ಮೂಲಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸ್ವೀಟ್ 2023ರವರೆಗೆ ಐದು ವರ್ಷ ಸತತ ಚಾಂಪಿಯನ್. ಇದರ ನಡುವೆ ಕೋವಿಡ್ ಬಂತು. 2020ರ ಮೇ 8ರಂದು ನಾಕ್ಸ್‌ವಿಲ್‌ನ ಖಾಲಿ ಗ್ಯಾಲರಿ ಮುಂದೆ ಔಟ್‌ಲಾಸ್ ಮತ್ತೆ ಓಡಿದರು. ಅಮೆರಿಕದ ಕ್ರೀಡೆಗಳೆಲ್ಲ ಸ್ತಬ್ಧವಾಗಿದ್ದಾಗ ಮೊದಲು ಎದ್ದುನಿಂತವುಗಳಲ್ಲಿ ಇದೂ ಒಂದು. ಅಭಿಮಾನಿಗಳು ಸಂಸ್ಥೆಯದೇ ಆದ ಡರ್ಟ್‌ವಿಷನ್ ನೇರಪ್ರಸಾರದಲ್ಲಿ ಮನೆಯಿಂದಲೇ ನೋಡಿದರು. ಆ ಆಗಸ್ಟ್‌ನ ನ್ಯಾಷನಲ್ಸ್ ಮಾತ್ರ ನಡೆಯಲಿಲ್ಲ.

2024ರಿಂದ ಸ್ವೀಟ್ ಮತ್ತು ಅವರ ಭಾವ ಕೈಲ್ ಲಾರ್ಸನ್ ಕಟ್ಟಿದ ಹೈ ಲಿಮಿಟ್ ರೇಸಿಂಗ್ ಪೂರ್ಣಾವಧಿಯ ರಾಷ್ಟ್ರೀಯ ಸರಣಿಯಾಗಿದೆ. ಹಿಂದಿನ ಎರಡು ಕವಲುಗಳಿಗಿಂತ ಇದು ಗಟ್ಟಿಯಾಗಿ ನಿಂತಿದೆ. ಆದರೆ ಇದನ್ನು ಒಡಕು ಎಂದು ನೋಡುವುದಕ್ಕಿಂತ ಬೆಳೆಯ ಹುಲುಸು ಎಂದು ನೋಡುವುದು ಸರಿ. ಎರಡು ಸರಣಿಗಳ ಪೈಪೋಟಿಯಲ್ಲಿ ಚಾಲಕರ ಸಂಪಾದನೆ ಏರಿದೆ. 1984ರಲ್ಲಿ 50,000 ಡಾಲರ್‌ಗೆ ಬೆರಗಾದ ಎಲ್ಡೋರಾದಲ್ಲೇ 2023ರ ಎಲ್ಡೋರಾ ಮಿಲಿಯನ್ ಗೆದ್ದ ಲೋಗನ್ ಷುಕಾರ್ಟ್ ಅವರಿಗೆ ಹತ್ತು ಲಕ್ಷ ಡಾಲರ್‌ಗೂ ಮಿಗಿಲಾದ ಮೊತ್ತ ಸಿಕ್ಕಿತು. ಆ ಷುಕಾರ್ಟ್, ಔಟ್‌ಲಾಸ್ ಕಾಲದ ಆದಿಪುರುಷರಲ್ಲೊಬ್ಬರಾದ ಬಾಬಿ ಅಲೆನ್ ಅವರ ಮೊಮ್ಮಗ. 2024ರಲ್ಲಿ ಕನೆಕ್ಟಿಕಟ್‌ನ ಡೇವಿಡ್ ಗ್ರಾವೆಲ್ ತಮ್ಮ ಮೊದಲ ವರ್ಲ್ಡ್ ಆಫ್ ಔಟ್‌ಲಾಸ್ ಬಿರುದು ಗೆದ್ದು, 2025ರಲ್ಲಿ ಅದನ್ನು ಉಳಿಸಿಕೊಂಡರು.

ಸಂಸ್ಥೆ ತೀರಿಸಿದ ಅಗತ್ಯ

ಈ ಸುಮಾರು ಐವತ್ತು ಋತುಗಳಲ್ಲಿ ಸಂಸ್ಥೆಯ ಗುರಿ ಬೆಳೆಯುತ್ತಾ ಬಂದಿದೆ. ಆರಂಭದಲ್ಲಿ ಅಲೆಮಾರಿ ಚಾಲಕರಿಗೆ ಒಂದು ಬಿರುದು ಕೊಡುವುದಷ್ಟೇ ಗುರಿ. ಆಮೇಲೆ ಅವರ ವರಮಾನಕ್ಕೆ ಭದ್ರತೆ, ಟ್ರ್ಯಾಕ್‌ಗಳಿಗೆ ಸುರಕ್ಷತೆ, ಅಭಿಮಾನಿಗಳಿಗೆ ಮನೆಯಲ್ಲೇ ನೇರಪ್ರಸಾರ. ಇವೆಲ್ಲದರ ನಡುವೆ ಗಮನಕ್ಕೆ ಬಾರದೆ ನಡೆದ ಇನ್ನೊಂದು ಕೆಲಸವಿದೆ. ವಿಮಾನ ನಿಲ್ದಾಣ, ದೊಡ್ಡ ಕ್ರೀಡಾಂಗಣ ಯಾವುದೂ ಇಲ್ಲದ ಸಣ್ಣ ಊರುಗಳಿಗೆ ವರ್ಷಕ್ಕೊಂದು ಸಂಜೆ ದೇಶದ ಶ್ರೇಷ್ಠ ಚಾಲಕರು ತಾವಾಗಿ ಬರುತ್ತಾರೆ. ಮೇಳದ ಮೈದಾನದ ಖರ್ಚಿಗೆ ಟಿಕೆಟ್ ಹಣ ಒದಗುತ್ತದೆ, ಹೋಟೆಲು ತುಂಬುತ್ತದೆ, ಊರಿನ ಸಂಘಗಳ ತಿಂಡಿ ಅಂಗಡಿಗೆ ವ್ಯಾಪಾರ ಆಗುತ್ತದೆ. ರೇಸ್ ಮುಗಿದ ಮೇಲೆ ಮಕ್ಕಳು ಪಿಟ್‌ಗೆ ಹೋಗಿ ಚಾಂಪಿಯನ್‌ನ ಹಸ್ತಾಕ್ಷರ ಪಡೆಯುತ್ತಾರೆ. ಮಹಾನಗರದ ಕ್ರೀಡೆಗಳಲ್ಲಿ ಕಾಣಸಿಗದ ಸಲಿಗೆ ಇದು.

ಇದನ್ನೆಲ್ಲ ಸಾಧ್ಯ ಮಾಡಿದ್ದು ಹಾಜರಾತಿಗೆ ಬೆಲೆ ಕಟ್ಟಿದ ಆ ಲೆಕ್ಕ. ಬುಧವಾರ ರಾತ್ರಿಯ ಸಣ್ಣ ಊರಿನ ರೇಸ್‌ಗೂ ಶನಿವಾರದ ದೊಡ್ಡ ಊರಿನ ರೇಸ್‌ಗೂ ಒಂದೇ 150 ಅಂಕ ಇರುವುದರಿಂದಲೇ ತಾರೆಯರು ಸಣ್ಣ ಊರನ್ನು ತಪ್ಪಿಸುವುದಿಲ್ಲ. ಹಣವೊಂದೇ ಅಳತೆಗೋಲಾಗಿದ್ದರೆ ಅವರು ದೊಡ್ಡ ಬಹುಮಾನಗಳನ್ನಷ್ಟೇ ಆರಿಸಿಕೊಳ್ಳುತ್ತಿದ್ದರು, 1978ಕ್ಕೆ ಮುನ್ನ ಮಾಡುತ್ತಿದ್ದಂತೆಯೇ. ಮುಂದಿನ ಐವತ್ತು ವರ್ಷಗಳಲ್ಲಿ ಎಂಜಿನ್ ಬದಲಾಗಬಹುದು, ಇಂಧನ ಬದಲಾಗಬಹುದು, ಒಡೆತನ ಮತ್ತೆ ಕೈ ಬದಲಿಸಬಹುದು. ಸಣ್ಣ ಊರಿಗೂ ದೊಡ್ಡ ಊರಿಗೂ ಸಮನಾಗಿ ಅಂಕ ಕೊಡುವ ನಿಯಮವನ್ನು ಮಾತ್ರ ಮುಂದಿನ ತಲೆಮಾರಿನ ಆಡಳಿತಗಾರರು ಕೈಬಿಡಬಾರದು. ಟೆಡ್ ಜಾನ್ಸನ್ ಕಟ್ಟಿದ ಮನೆಗೆ ಆಧಾರಸ್ತಂಭ ಅದೊಂದೇ.